ಜಾಣಕಿವುಡು

ನೇಯ್ಗೆ ಕಾರ್ಖಾನೆಯವರು ಒಂದು ಹೆಣ್ಣುಮಗುವಿಗೆ ಎರಡು ವರ್ಷದ ಮಾತು ಬಾಕಿ ಉಳಿಸಿಕೊಂಡಿದ್ದಾರೆ. ಸಂಬಳದ ಬಾಕಿಯಾಗಿದ್ದರೆ ಗೇಟಿನ ಮುಂದೆ ಕೂತು, ಕೂಗಿ, ಗಂಟಲು ಹರಿದುಕೊಂಡಾದರೂ ವಸೂಲಿ ಮಾಡಬಹುದಿತ್ತು. ಮಾತಿನ ಬಾಕಿಗೆ ಯಾವ ಗೇಟಿನ ಮುಂದೆ ಕೂರುವುದು? ಆ ಬಾಕಿಯಲ್ಲಿ ಒಂದು ಪಾಲು ಮಕ್ಕಳ ಕೋಣೆಯ ಆಯಾಳದ್ದೂ ಇದೆ. ಬೇರೆಯವರು ಬೆರಳು ತೋರಿಸುವ ಮೊದಲೇ ಅವಳೇ ಅದನ್ನು ಹೇಳುತ್ತಾಳೆ, ಬೀದಿಯ ಆ ತುದಿಗೆ ಕೇಳುವ ದನಿಯಲ್ಲಿ. ಅವಳ ದನಿಯೇ ಹಾಗೆ. ಕಾರ್ಖಾನೆಯಲ್ಲಿ ಅವಳನ್ನು ಕಹಳೆ ಅಂತಲೇ ಕರೆಯುವುದು.

ಆ ದನಿ ಹುಟ್ಟಿನಿಂದ ಬಂದದ್ದಲ್ಲ, ಮಗ್ಗ ಕೊಟ್ಟದ್ದು. ಎದೆಯೆತ್ತರ ಬೆಳೆಯುವ ಮೊದಲೇ ಮಗ್ಗದ ಶೆಡ್ಡಿಗೆ ಸೇರಿದವಳು ಅವಳು. ಸಾಲುಸಾಲು ಮಗ್ಗ, ಒಂದೊಂದರಲ್ಲೂ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುತ್ತ ಓಡುವುದು. ಎಲ್ಲ ಒಟ್ಟಿಗೆ ಶುರುವಾದರೆ ತಗಡಿನ ಮಾಡಿನ ಮೇಲೆ ಕಲ್ಲು ಸುರಿದ ಹಾಗೆ. ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳದು. ಹಾಗಾಗಿ ಶೆಡ್ಡಿನ ಹೆಂಗಸರು ದನಿಯ ಗೊಡವೆಯೇ ಬೇಡ ಅಂತ ಬಿಟ್ಟುಬಿಟ್ಟಿದ್ದರು. ತುಟಿ ಅಗಲಿಸಿ, ಒಂದೊಂದು ಮಾತನ್ನೂ ಬಾಯಲ್ಲಿ ಬಿಡಿಸಿ ತೋರಿಸುವುದು. ಅದು ಸಾಲದಿದ್ದರೆ ಕೈ. ಹೆಬ್ಬೆರಳು ಬಾಯಿಗೆ ಹೋದರೆ ನೀರು. ತೋರುಬೆರಳು ಗಾಳಿಯಲ್ಲಿ ಸುತ್ತಿದರೆ ನೂಲು ಹರಿದಿದೆ. ಮೂಗಿನ ಕೆಳಗೆ ಮೀಸೆ ಎಳೆದರೆ ಮೇಸ್ತ್ರಿ ಬರುತ್ತಿದ್ದಾನೆ. ಹೆಸರುಗಳೂ ಕೈಯಲ್ಲೇ. ಮುಷ್ಟಿ ಕಟ್ಟಿ ಬಾಯಿಗೆ ಹಿಡಿದರೆ, ಅವಳೇ, ಕಹಳೆ. ಅರ್ಧ ಊರಿನ ಸಂಸಾರದ ಗುಟ್ಟು ಆ ಗದ್ದಲದ ನಡುವೆ ಸದ್ದಿಲ್ಲದೆ ಹರಿದಾಡುತ್ತಿತ್ತು. ಮೇಸ್ತ್ರಿಯ ಅಪ್ಪ ಅಜ್ಜ ಎಲ್ಲರನ್ನೂ ಅವನ ಬೆನ್ನ ಹಿಂದೆ ನಿಂತು ಬೈದು ಮುಗಿಸಿದರೂ ಅವನು ಮಾತ್ರ ತನ್ನ ಪಾಡಿಗೆ ಮೀಸೆ ತಿರುವುತ್ತ ನಿಂತಿರುತ್ತಿದ್ದ.

ಮಗ್ಗ ಕೂಲಿ ಕೊಟ್ಟಿತು, ಕಿವಿ ಕಿತ್ತುಕೊಂಡಿತು. ಪೂರ್ತಿಯಲ್ಲ, ಮುಕ್ಕಾಲು. ಕಿವಿ ಮಂದವಾದವರು ಲೋಕಕ್ಕೆಲ್ಲ ಕಿವಿ ಮಂದ ಅಂತ ತಿಳಿದು ಕೂಗುತ್ತಾರಲ್ಲ, ಕಹಳೆಯೂ ಹಾಗೇ ಆದಳು. ಆಮೇಲೆ ಸೊಂಟವೂ ಕೈಕೊಟ್ಟಿತು. ನಿಂತು ಕೆಲಸ ಮಾಡಲಾರದವಳನ್ನು ಕಾರ್ಖಾನೆ ಮಕ್ಕಳ ಕೋಣೆಗೆ ಹಾಕಿತು. ಶೆಡ್ಡಿನ ಹಿಂದೆ, ಗೋದಾಮಿಗೆ ಅಂಟಿಕೊಂಡ ಉದ್ದನೆ ಕೋಣೆ. ಹಸಿರು ಬಣ್ಣ ಸೊಂಟದೆತ್ತರಕ್ಕೆ, ಅದರ ಮೇಲೆ ಸುಣ್ಣ. ಗೋಡೆಗುಂಟ ಕಬ್ಬಿಣದ ತೊಟ್ಟಿಲು, ಮಧ್ಯದಲ್ಲಿ ಚಾಪೆ, ಮೂಲೆಯಲ್ಲಿ ಸ್ಟೀಲಿನ ತಟ್ಟೆಗಳ ಗೋಪುರ. ಆಡುವುದಕ್ಕೆ ನೂಲು ಮುಗಿದ ಖಾಲಿ ಕಂಡಿಕೆಗಳು. ತಾಯಂದಿರು ಪಾಳಿಗೆ ಬರುವಾಗ ಮಕ್ಕಳನ್ನು ಅಲ್ಲಿ ಬಿಟ್ಟು, ನಡುವೆ ಒಮ್ಮೆ ಓಡಿಬಂದು ಹಾಲೂಡಿಸಿ, ಕೆಲಸ ಬಿಟ್ಟ ಮೇಲೆ ಎತ್ತಿಕೊಂಡು ಹೋಗುವರು.

ಕಹಳೆ ಅಲ್ಲಿ ಹಾಡುತ್ತಿದ್ದಳು. ಹಾಡು ಅಂದರೆ ಹಾಡೇನಲ್ಲ. ರಾಗ ಒಂದು ಕಡೆ, ಅವಳು ಒಂದು ಕಡೆ. ಅವಳ ಹಾಡಿಗೆ ಹೆದರಿಯೇ ಮಕ್ಕಳು ಕಣ್ಣು ಮುಚ್ಚುತ್ತವೆ, ನಿದ್ದೆಯಿಂದಲ್ಲ ಅಂತ ತಾಯಂದಿರು ಗೇಲಿ ಮಾಡುವರು. "ಹೋಗ್ರೇ, ನಿಮ್ಮ ಗಂಡಂದಿರ ಗೊರಕೆಗಿಂತ ವಾಸಿ" ಅಂತ ಅವಳು.

ಒಂದು ವರ್ಷ ಮಾಲೀಕರ ಸೊಸೆ ಕಾರ್ಖಾನೆಯ ಉಸ್ತುವಾರಿಗೆ ಬಂದಳು. ಓದಿದವಳು, ಕೆಟ್ಟವಳಲ್ಲ. ಮಕ್ಕಳ ಕೋಣೆಗೆ ಹೊಸ ಚಾಪೆ ಹಾಕಿಸಿದಳು, ಕಿಟಕಿಗೆ ಜಾಲರಿ ಹೊಡೆಸಿದಳು. ಒಂದು ಬೆಳಿಗ್ಗೆ ಇಬ್ಬರು ಆಳುಗಳ ಕೈಯಲ್ಲಿ ಮರದ ದೊಡ್ಡ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದಳು. ಮುಂಭಾಗಕ್ಕೆ ಕಪ್ಪು ಬಲೆ, ಒಂದೇ ಒಂದು ಗುಂಡಿ. ಒತ್ತಿದರೆ ಸಂಗೀತ. ಹಾಡುವ ದನಿ ಇಲ್ಲ, ತಂತಿಯ ವಾದ್ಯಗಳದ್ದು, ಒಂದು ನಿಂತರೆ ಇನ್ನೊಂದು.

"ಇದರಿಂದ ಏನಾಗುತ್ತೆ ಮೇಡಂ?" ಕಹಳೆ ಕೇಳಿದಳು.

"ಚಿಕ್ಕ ಮಕ್ಕಳು ಇಂಥ ಸಂಗೀತ ಕೇಳಿದ್ರೆ ಬುದ್ಧಿ ಬೆಳೆಯುತ್ತೆ ಅಮ್ಮ. ನಾನು ಓದಿದೀನಿ. ನನ್ನ ಮಗನಿಗೆ ಹೊಟ್ಟೆಯಲ್ಲಿದ್ದಾಗಿಂದ ಕೇಳಿಸಿದೀನಿ."

"ಈಗ ಹೇಗಿದಾರೆ ಚಿಕ್ಕ ಯಜಮಾನ್ರು?"

"ಬಹಳ ಚೂಟಿ!"

"ಮನೆ ತುಂಬ ಪುಸ್ತಕ, ಕಾರಲ್ಲಿ ಇಸ್ಕೂಲು, ಮೂರು ಹೊತ್ತೂ ಹಣ್ಣು. ಅದರ ಮೇಲೆ ಸಂಗೀತಾನೂ ಇದ್ದಮೇಲೆ ಚೂಟಿಯಾಗದೆ ಇರ್ತಾರಾ!" ಕಹಳೆ ಮೆಲ್ಲಗೆ ಅಂದುಕೊಂಡೆ ಅಂತ ತಿಳಿದಿದ್ದಳು, ಹೊರಗೆ ಲಾರಿಗೆ ಬಟ್ಟೆಯ ಥಾನು ತುಂಬುತ್ತಿದ್ದವರೆಲ್ಲ ತಿರುಗಿ ನೋಡಿದರು. ಸೊಸೆ ನಕ್ಕಳು. ಆಮೇಲೆ ಕಟ್ಟಪ್ಪಣೆ: ಪೆಟ್ಟಿಗೆ ಹಾಡುವಾಗ ಕೋಣೆಯಲ್ಲಿ ಬೇರೆ ಸದ್ದು ಇರಬಾರದು. ಆಯಾ ಹಾಡುವುದಂತೂ ಕೂಡದು. ಶ್ರುತಿ ತಪ್ಪಿದ ದನಿ ಕೇಳಿದರೆ ಮಕ್ಕಳ ಕಿವಿ ಕೆಡುತ್ತದೆ.

ಪೆಟ್ಟಿಗೆ ಬಂದ ವರ್ಷವೇ ನರ್ಸಮ್ಮ ಬರುವುದು ನಿಂತಿತು. ಮೊದಲೆಲ್ಲ ಅವಳು ತಿಂಗಳಿಗೊಮ್ಮೆ ಬಂದು ಮಕ್ಕಳ ತೂಕ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಬೆನ್ನ ಹಿಂದೆ ಕೂತು ಗಿಲಕಿ ಆಡಿಸಿ, ಮಗು ತಿರುಗಿತಾ ಅಂತ ನೋಡಿ ಹೋಗುತ್ತಿದ್ದಳು. ದೊಡ್ಡ ಹೆಂಗಸು ಗಿಲಕಿ ಹಿಡಿದು ಕೂರುವುದನ್ನು ಕಂಡು ಕಹಳೆಗೆ ನಗು. "ನರ್ಸಮ್ಮಂಗೆ ಆಟ ಆಡೋಕೆ ಸಂಬಳ" ಅನ್ನುತ್ತಿದ್ದಳು. ಮಕ್ಕಳ ಕೋಣೆಗೆ ಎರಡೆರಡು ಖರ್ಚು ಯಾಕೆ ಅಂದ ಮ್ಯಾನೇಜರ್. ಅವತ್ತು ಯಾರೂ ತುಟಿ ಬಿಚ್ಚಲಿಲ್ಲ. ಬೋನಸ್ಸಿಗೆ ಗೇಟು ಮುಚ್ಚಿಸಿದವರು ಗಿಲಕಿಗೆ ಗೇಟು ಮುಚ್ಚಿಸುತ್ತಾರೆಯೇ?

ಶೆಡ್ಡಿನಲ್ಲಿ ಆ ಸಂಗೀತದ ಪೆಟ್ಟಿಗೆಗೆ ಬುದ್ಧಿಪೆಟ್ಟಿಗೆ ಅಂತ ಹೆಸರು ಬಿತ್ತು. "ಕೋಣನ ಮುಂದೆ ಕಿನ್ನರಿ" ಅಂದಳು ಒಬ್ಬಳು. "ಲಾಳಿ ಸದ್ದಲ್ಲಿ ಹುಟ್ಟಿದ ಮಕ್ಕಳಿಗೆ ಲಾಲಿ ಬೇರೆ!" ಅಂದಳು ಇನ್ನೊಬ್ಬಳು. "ಬುದ್ಧಿ ಜಾಸ್ತಿಯಾದ್ರೆ ಯಜಮಾನರಿಗೇ ನಷ್ಟ ಕಣ್ರೇ. ಈ ಸಂಬಳಕ್ಕೆ ನಾಳೆ ಮಗ್ಗಕ್ಕೆ ಯಾರು ಬರ್ತಾರೆ?" ಅಂದಳು ಮೂರನೆಯವಳು. ಎಲ್ಲ ತುಟಿಯಲ್ಲೇ, ಸದ್ದಿಲ್ಲದೆ.

ಒಬ್ಬಳು ಮಾತ್ರ ನಗಲಿಲ್ಲ. ಆಗ ಅವಳು ತುಂಬು ಬಸುರಿ. ಗಂಡ ಅದೇ ಕಾರ್ಖಾನೆಯಲ್ಲಿ ರಾತ್ರಿಪಾಳಿ, ಇವಳು ಹಗಲುಪಾಳಿ. ಗೇಟಿನ ಹತ್ತಿರ ಒಬ್ಬರಿಗೊಬ್ಬರು ಸಿಕ್ಕಿದರೆ ಅದೇ ಸಂಸಾರ. "ನನ್ನ ಮಗು ಮಗ್ಗಕ್ಕೆ ಬರಬಾರದು ದೊಡ್ಡಮ್ಮ. ಆ ಪೆಟ್ಟಿಗೆಯಿಂದ ಬುದ್ಧಿ ಬರೋದು ಸುಳ್ಳೇ ಇರಲಿ, ಕೇಳಿದ್ರೆ ಕಳ್ಕೊಳ್ಳೋದೇನು?" ಅಂದಳು ಕಹಳೆಗೆ.

ಹುಟ್ಟಿದ್ದು ಹೆಣ್ಣು. ಕತ್ತು ನಿಲ್ಲುವ ಹೊತ್ತಿಗೆ ಮಕ್ಕಳ ಕೋಣೆಗೆ ಬಂತು. ದುಂಡುಮುಖ, ಅಷ್ಟಗಲ ಕಣ್ಣು. ಉಳಿದ ಮಕ್ಕಳು ಶೆಡ್ಡಿನ ಗದ್ದಲಕ್ಕೆ ಬೆಚ್ಚಿ ಅತ್ತರೆ ಇದು ಕೈಕಾಲು ಆಡಿಸುತ್ತ ಮಲಗಿರುತ್ತಿತ್ತು. ಬಾಗಿಲು ಬಡಿದರೂ ನಿದ್ದೆ ಕೆಡದು. "ಪುಣ್ಯ ಮಾಡಿದೀಯ ಕಣೇ, ಇಂಥ ಮಗು ಸಿಗೋಕೆ" ಅನ್ನುತ್ತಿದ್ದರು ಎಲ್ಲರೂ. ಮನೆಯಲ್ಲೂ ಅದೇ ಸುಖ. ತಾಯಿಯ ರಜೆಯ ದಿನವೂ ರಾತ್ರಿಪಾಳಿಯ ಅಪ್ಪ ಹಗಲೆಲ್ಲ ನಿದ್ದೆ ಮಾಡಬೇಕು; ಒಂದೇ ಕೋಣೆಯ ಮನೆ. ಅಲ್ಲಿ ತಾಯಿ ಮಗಳಿಗೆ ಎಲ್ಲವನ್ನೂ ತುಟಿಯಲ್ಲಿ, ಕೈಯಲ್ಲಿ ಹೇಳುವಳು. ಶೆಡ್ಡಿನ ಅಭ್ಯಾಸ, ಅವಳಿಗೆ ಕಷ್ಟವೇ ಇರಲಿಲ್ಲ. ಮಗುವೂ ಅದನ್ನೇ ಕಲಿಯಿತು.

ಇತ್ತ ಮಕ್ಕಳ ಕೋಣೆಯಲ್ಲಿ ಪೆಟ್ಟಿಗೆ ಹಾಡುವ ಹೊತ್ತೆಲ್ಲ ಕಹಳೆಯ ಬಾಯಿಗೆ ಬೀಗ. ಸುಮ್ಮನೆ ಕೂತರೆ ಅವಳಿಗೆ ಅನ್ನ ಅರಗದು. ಅವಳೂ ಮಗ್ಗದ ಮಾತು ತೆಗೆದಳು. ತುಟಿ ಅಗಲಿಸಿ, ಹುಬ್ಬು ಹಾರಿಸಿ, ಕೈ ತಿರುವಿ, ದನಿಯಿಲ್ಲದೆ ಮಕ್ಕಳ ಜೊತೆ ಮಾತು. ಬೇರೆ ಮಕ್ಕಳು ಅದನ್ನು ಸ್ವಲ್ಪ ಹೊತ್ತು ನೋಡಿ ಬೇಸತ್ತು ಕಂಡಿಕೆಯ ಕಡೆ ಹೋಗುವುವು. ಈ ಮಗು ಕಣ್ಣು ಕೀಳುತ್ತಿರಲಿಲ್ಲ. ಅವಳ ಮುಖವನ್ನು ಊಟ ಮಾಡುವ ಹಾಗೆ ನೋಡುತ್ತಿತ್ತು. ವರ್ಷ ತುಂಬುವ ಮೊದಲೇ ಹೆಬ್ಬೆರಳು ಬಾಯಿಗಿಟ್ಟು ನೀರು ಕೇಳಿತು. ನಡೆಯುವ ಹೊತ್ತಿಗೆ ಮುಷ್ಟಿ ಕಟ್ಟಿ ಬಾಯಿಗೆ ಹಿಡಿದು ಅವಳನ್ನೇ ಕರೆಯತೊಡಗಿತು. ಒಂದು ದಿನ ಬಾಗಿಲಲ್ಲಿ ಮ್ಯಾನೇಜರ್ ಕಾಣಿಸಿಕೊಂಡಾಗ ಮೂಗಿನ ಕೆಳಗೆ ಬೆರಳಿಂದ ಮೀಸೆ ಎಳೆದು ಕಹಳೆಗೆ ಎಚ್ಚರ ಕೊಟ್ಟಿತು. ಕಹಳೆ ನಕ್ಕ ನಗೆಗೆ ಮಲಗಿದ್ದ ಕೂಸುಗಳೆಲ್ಲ ಎದ್ದುವು. ಮ್ಯಾನೇಜರಿಗೆ ಮೀಸೆಯೇ ಇರಲಿಲ್ಲ!

ಅವತ್ತಿಂದ ಮಗುವಿನ ಹೆಸರು ಜಾಣಿ.

ಜಾಣಿ ಬಾಯಿಬಿಟ್ಟು ಮಾತಾಡಲಿಲ್ಲ ಅನ್ನುವುದನ್ನು ಯಾರೂ ಗಮನಿಸಲಿಲ್ಲ ಅಂತಲ್ಲ. ಎರಡು ತುಂಬಿದರೂ ಬರೀ ಬಾ ಬಾ, ಕಿರುಚು, ನಗು. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂದಳು ತಾಯಿಯ ಅತ್ತೆ. "ಬುದ್ಧಿವಂತರಿಗೆ ಮಾತು ತಡ" ಅಂದಳು ಕಹಳೆ. "ಹೇಳಿದ ಮಾತೆಲ್ಲ ಕೇಳುತ್ತಲ್ಲ, ಇನ್ನೇನು ಬೇಕು?" ಅಂದಳು ತಾಯಿ. ನಮ್ಮ ಮಾತಿನಲ್ಲಿ ಕಿವಿಗೆ ಬಿದ್ದರೂ ಕೇಳುವುದೇ, ಹೇಳಿದಂತೆ ನಡೆದುಕೊಂಡರೂ ಕೇಳುವುದೇ. ಆ ಒಂದು ಪದಕ್ಕೆ ಎಲ್ಲರೂ ಎಡವಿ ಬಿದ್ದರು. ಜಾಣಿ ಎರಡನೆಯದನ್ನು ಮಾಡುತ್ತಿದ್ದಳು, ಎಲ್ಲರೂ ಮೊದಲನೆಯದನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು.

ಪೆಟ್ಟಿಗೆಯೆಂದರೆ ಜಾಣಿಗೆ ಪ್ರಾಣ. ಗುಂಡಿ ಒತ್ತುವುದನ್ನು ಕಂಡರೆ ಸಾಕು, ಓಡಿಹೋಗಿ ಎರಡೂ ಅಂಗೈಯನ್ನು ಮರಕ್ಕೆ ಒತ್ತಿ, ಕೆನ್ನೆಯನ್ನು ಕಪ್ಪು ಬಲೆಗೆ ಆನಿಸಿ ಕಣ್ಣು ಮುಚ್ಚುವಳು. ಉಳಿದ ಮಕ್ಕಳು ಕಿತ್ತಾಡಲಿ, ಅಳಲಿ, ಉಚ್ಚೆ ಹೊಯ್ಯಲಿ, ಇವಳು ಅಲುಗಳು. ಸೊಸೆ ಅದನ್ನು ನೋಡಿ ಕರಗಿಹೋದಳು. "ನೋಡಿ ಅಮ್ಮ, ಹೇಗೆ ಆಲಿಸ್ತಿದಾಳೆ! ಸಂಗೀತ ಈ ಮಗುವಿನ ಒಳಗೇ ಇಳೀತಿದೆ." ಬಟ್ಟೆ ಕೊಳ್ಳುವವರು ದೂರದಿಂದ ಬಂದಾಗ ಅವರನ್ನು ಮಕ್ಕಳ ಕೋಣೆಗೆ ಕರೆತಂದು ಜಾಣಿಯನ್ನು ತೋರಿಸಿದಳು. ಅವರು ಫೋಟೋ ಹೊಡೆದುಕೊಂಡರು. ಕಟ್ಟು ಹಾಕಿಸಿದ ಆ ಫೋಟೋ ಆಫೀಸಿನ ಗೋಡೆಗೆ ಏರಿತು. ಕೆಳಗೆ ಅಕ್ಷರ: ಸಂಗೀತದಿಂದ ಅರಳುತ್ತಿರುವ ಬುದ್ಧಿ.

ತಾಯಿ ದಿನಾ ಸಂಜೆ ಮಗಳನ್ನು ಎತ್ತಿಕೊಂಡು ಹೋಗುವಾಗ ಆಫೀಸಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು ಗೋಡೆ ನೋಡುವಳು. ಕಹಳೆಯೂ ಯಾರು ಸಿಕ್ಕಿದರೂ ಬಿಡುತ್ತಿರಲಿಲ್ಲ: "ನಮ್ಮ ಜಾಣೀನ ನೋಡಿದ್ಯಾ ಗೋಡೆ ಮೇಲೆ? ನಾನೇ ಸಾಕಿದ್ದು!" ಶ್ರುತಿ ತಪ್ಪಿದವಳು ಅನ್ನಿಸಿಕೊಂಡ ಅವಮಾನವೂ ಆ ಫೋಟೋ ನೋಡಿದಾಗ ಕಡಿಮೆಯಾಗುತ್ತಿತ್ತು. ಪೆಟ್ಟಿಗೆಯನ್ನು ನಂಬಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಫೋಟೋವನ್ನು ನಂಬಿದ್ದಳು.

ಜಾಣಿಗೆ ಮೂರು ತುಂಬಿದ ಮೇಲೆ ಚಳಿಗಾಲಕ್ಕೆ ಊರಲ್ಲೆಲ್ಲ ಕೆಮ್ಮು ಹರಡಿತು. ಮಕ್ಕಳ ಕೋಣೆಯ ಆಯಾ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು ಅಂತ ಆಫೀಸಿನಿಂದ ಆಜ್ಞೆ. ಕಹಳೆ ದಪ್ಪ ಬಿಳಿ ಬಟ್ಟೆ ಕಟ್ಟಿಕೊಂಡಳು. ಅವತ್ತಿಂದ ಜಾಣಿ ಮೊಂಡು ಬಿದ್ದಳು.

ಕರೆದರೆ ಬರುವುದಿಲ್ಲ. ಕುಡಿ ಅಂದರೆ ಕುಡಿಯುವುದಿಲ್ಲ. ಮಲಗು ಅಂದರೆ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತ ನಿಲ್ಲುವುದು. ಕಹಳೆಯ ಕಾಲಿಗೆ ಜೋತುಬಿದ್ದು, ಮೇಲಕ್ಕೆ ಹತ್ತಿ, ಮುಖದ ಬಟ್ಟೆಗೆ ಕೈಹಾಕಿ ಎಳೆಯುವುದು. ಬಿಡಿಸಿಕೊಂಡರೆ ನೆಲಕ್ಕೆ ಬಿದ್ದು ಹೊರಳಾಡಿ ಅಳುವುದು. ಕಹಳೆಗೆ ಆ ದಿನಗಳಲ್ಲಿ ಕೈಗೂ ಪುರಸೊತ್ತಿರಲಿಲ್ಲ. ಅರ್ಧ ಮಕ್ಕಳಿಗೆ ಜ್ವರ, ಒಂದು ಕೈಯಲ್ಲಿ ಒದ್ದೆಬಟ್ಟೆ, ಇನ್ನೊಂದರಲ್ಲಿ ಚಮಚ.

"ಬಾ ಇಲ್ಲಿ ಜಾಣಿ. ಕರೀತಿದೀನಿ ಕೇಳಿಸಲ್ವಾ?"

ಇಲ್ಲ.

"ಏ ಜಾಣಿ!"

ಮಗು ಕಂಡಿಕೆ ಜೋಡಿಸುತ್ತಲೇ ಇತ್ತು. ಕಹಳೆ ಎದ್ದುಹೋದಳು. "ಜಾಣಕಿವುಡು ಮಾಡ್ತೀಯಾ? ಗೇಣುದ್ದ ಇದೀಯ, ನನ್ನ ಹತ್ತಿರ ಜಾಣಕಿವುಡಾ?" ಅಂದು ತೊಡೆಗೆ ಬಿಗಿದಳು. ಮಗು ಅಳಲಿಲ್ಲ. ಹೊಡೆದ ಕೈಯನ್ನು ನೋಡಿತು, ಬಿಳಿ ಬಟ್ಟೆಯನ್ನು ನೋಡಿತು. ಯಾಕೆ ಅಂತ ಹುಡುಕುವ ಹಾಗೆ ಮತ್ತೆ ಕೈಯನ್ನು ನೋಡಿತು. ಹೊಡೆದದ್ದು ಅದೊಂದೇ ಸಲವೂ ಅಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ, ಊಟವಾದ ಮೇಲೆ ತೊಳೆದ ತಟ್ಟೆಗಳ ಗೋಪುರ ಕಹಳೆಯ ಮೊಣಕೈ ತಾಗಿ ಹಾಸಿದ ಕಲ್ಲಿನ ಮೇಲೆ ಬಿತ್ತು. ಮುಕ್ಕಾಲು ಕಿವುಡಿಯಾದ ಅವಳೇ ಬೆಚ್ಚಿ ಬಿದ್ದಳು. ತೊಟ್ಟಿಲ ಕೂಸುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಗೋದಾಮಿನವನು ಬಾಗಿಲಿಗೆ ಬಂದು ಇಣುಕಿದ.

ಚಾಪೆಯ ಆಚೆ ತುದಿಯಲ್ಲಿ ಬೆನ್ನು ಮಾಡಿ ಕೂತಿದ್ದ ಜಾಣಿ ಕೆಂಪು ಕಂಡಿಕೆಯ ಪಕ್ಕ ನೀಲಿಯದನ್ನು ನಿಲ್ಲಿಸಿದಳು.

ಕಹಳೆ ಒಂದು ತಟ್ಟೆ, ಒಂದು ಸೌಟು ಎತ್ತಿಕೊಂಡು ಚಾಪೆಯ ಅಂಚಿನಲ್ಲಿ, ಮಗುವಿನ ಹಿಂದೆ ಮೆಲ್ಲಗೆ ಕೂತಳು. ಹಿಂದೆ ನರ್ಸಮ್ಮ ಕೂರುತ್ತಿದ್ದ ಹಾಗೆ. ಬಡಿದಳು. ಜಾಣಿ ಹಸಿರು ಕಂಡಿಕೆ ಹುಡುಕುತ್ತಿದ್ದಳು. ಇನ್ನೂ ಜೋರಾಗಿ ಬಡಿದಳು. ಹಸಿರು ಸಿಕ್ಕಿತು, ನಿಲ್ಲಿಸಿದಳು. ಆಮೇಲೆ ಕಿಟಕಿಯ ಬಿಸಿಲಿಗೆ ಕಹಳೆಯ ಕೈಯ ನೆರಳು ಚಾಪೆಯ ಮೇಲೆ ಆಡಿದ್ದು ಕಂಡು ತಿರುಗಿ, ಅಜ್ಜಿ ಆಟಕ್ಕೆ ಬಂದಳು ಅಂತ ಬಾಯಿ ತುಂಬ ನಕ್ಕಳು.

ಕಹಳೆ ಬಟ್ಟೆ ಕಿತ್ತೆಸೆದಳು. ಗಂಟಲಲ್ಲಿ ಒಂದು ಚೂರೂ ದನಿ ಇಲ್ಲದೆ, ತುಟಿಯಲ್ಲಿ ಮಾತ್ರ ಕೇಳಿದಳು, "ನೀರು ಬೇಕಾ?"

ಜಾಣಿ ಹೆಬ್ಬೆರಳು ಬಾಯಿಗಿಟ್ಟಳು.

ಅವಳು ನೀರು ತಂದುಕೊಡಲಿಲ್ಲ. ತಟ್ಟೆ ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಳು. ಹಾಗಾದರೆ ಇದು ಯಾವತ್ತೂ ಕೇಳಿಯೇ ಇರಲಿಲ್ಲ. ಪೆಟ್ಟಿಗೆ ನಡುಗುತ್ತಿತ್ತು, ಆ ನಡುಕಕ್ಕೆ ಕೆನ್ನೆ ಕೊಡುತ್ತಿತ್ತು, ಅಷ್ಟೇ. ಕೂಸುಗಳ ಅಳು ಅವಳಿಗೂ ಎಲ್ಲೋ ದೂರದಲ್ಲಿ ಕೇಳುತ್ತಿತ್ತು.

ಪಾಳಿ ಬಿಟ್ಟ ಮೇಲೆ ತಾಯಿ ಬಂದಳು, ತಲೆಯ ತುಂಬ ಹತ್ತಿಯ ಧೂಳು. ಕಹಳೆ ಹೇಳಿದಳು. ತಾಯಿಯ ಮುಖ ಕೆಂಪಾಯಿತು.

"ನಿಮ್ಮ ಕಿವಿ ಹೋಗಿದೆ ಅಂತ ಊರವರ ಕಿವಿಯೆಲ್ಲ ಹೋಗಿದೆ ಅಂದ್ಕೊಂಡ್ರಾ ದೊಡ್ಡಮ್ಮ? ನಾನು ಹೇಳೋದೆಲ್ಲ ಕೇಳುತ್ತೆ ಅದು!"

"ಎದುರಿಗಿದ್ದಾಗ ಕೇಳುತ್ತೆ ಮಗಳೇ. ಬೆನ್ನ ಹಿಂದೆ ನಿಂತು ಕರಿ."

"ಕರೀತೀನಿ ನೋಡಿ ಬೇಕಾದ್ರೆ" ಅಂದು ಮಗಳ ಹಿಂದೆ ನಿಂತು ಕರೆದಳು. ಜಾಣಿ ಅಂತ ಕರೆದಳು. ಮನೆಯಲ್ಲಿಟ್ಟ ಹೆಸರು ಹಿಡಿದು ಕರೆದಳು. ಆಮೇಲೆ ಕಿರುಚಿದಳು. ಹೊರಗೆ ಸೈಕಲ್ಲು ಬಿಡಿಸಿಕೊಳ್ಳುತ್ತಿದ್ದ ಗಂಡಸರು ನಿಂತು ನೋಡಿದರು. ಜಾಣಿ ಎದುರಿಗೆ ಕೂತಿದ್ದ ಕಹಳೆಯ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ನೀರು ಇಳಿಯುವುದು ಕಂಡು ಎದ್ದು ಬಂದು ಒರೆಸಿದಳು.

ಕಿವಿಯ ಡಾಕ್ಟರು ಬೇರೆ ಊರಿನಲ್ಲಿ. ಅಪ್ಪ ನಿದ್ದೆ ಬಿಟ್ಟು ಬಂದ, ತಾಯಿ ಸಂಬಳ ಕಡಿತಕ್ಕೆ ರಜೆ ಹಾಕಿ ಬಂದಳು, ಕಹಳೆ ತಾನಾಗಿಯೇ ಬಸ್ಸು ಹತ್ತಿದಳು. ಗೋಡೆಗೆಲ್ಲ ರತ್ನಗಂಬಳಿಯಂಥದ್ದನ್ನು ಅಂಟಿಸಿದ ಚಿಕ್ಕ ಕೋಣೆಯಲ್ಲಿ ಮಗುವನ್ನು ಕೂರಿಸಿ ಏನೇನೋ ಸದ್ದು ಮಾಡಿ ನೋಡಿದರು. ಡಾಕ್ಟರು ಸಣ್ಣ ವಯಸ್ಸಿನವನು, ಕಣ್ಣಿನ ಕೆಳಗೆ ಕಪ್ಪು.

"ಹುಟ್ಟಿನಿಂದಲೇ ಇದೆ. ಎರಡೂ ಕಿವಿ. ಯಾಕೆ ಇಷ್ಟು ತಡ ಮಾಡಿದ್ರಿ?"

"ಕರೆದ್ರೆ ಬರ್ತಿತ್ತು ಸಾರ್" ಅಂದಳು ತಾಯಿ.

"ಎಲ್ಲಿಂದ ಕರೀತಿದ್ರಿ?"

ಅಪ್ಪ ತನ್ನ ಚಪ್ಪಲಿ ನೋಡುತ್ತಿದ್ದ.

"ಮೊದಲ ವರ್ಷವೇ ಗೊತ್ತಾಗಿದ್ರೆ ಆಗಲೇ ಕಿವಿಗೆ ಮಿಷನ್ ಹಾಕಿ ಮಾತು ಕಲಿಸೋಕೆ ನೋಡಬಹುದಿತ್ತು. ಕೈಭಾಷೆಯನ್ನಾದರೂ ಸರಿಯಾಗಿ ಶುರು ಮಾಡಬಹುದಿತ್ತು. ಮಕ್ಕಳಿಗೆ ಭಾಷೆ ಹತ್ತೋ ಕಾಲ ಅದು. ಈಗ ಮಿಷನ್ನಿಂದ ಸ್ವಲ್ಪ ಸದ್ದು ಕೇಳಬಹುದು. ಮಾತು ಎಷ್ಟು ಬರುತ್ತೆ ಅಂತ ನಾನು ಹೇಳಲಾರೆ."

ಕಹಳೆ ಮುಂದೆ ಬಾಗಿದಳು. "ಸಾರ್, ಒಂದು ಕೇಳ್ತೀನಿ. ಸಂಗೀತ ಕೇಳಿದ್ರೆ ಮಕ್ಕಳ ಬುದ್ಧಿ ಬೆಳೆಯುತ್ತಂತಲ್ಲ, ನಿಜವಾ?"

ಡಾಕ್ಟರು ಅವಳನ್ನು ನೋಡಿದ, ಈ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಅನ್ನುವ ಹಾಗೆ. "ಸುಮ್ಮನೆ ಕೇಳಿದ್ರಿಂದ ಬುದ್ಧಿ ಬೆಳೆಯುತ್ತೆ ಅಂತ ಯಾರೂ ಗಟ್ಟಿಯಾಗಿ ತೋರಿಸಿಲ್ಲಮ್ಮ. ಕೇಳಿದ್ರೆ ಖುಷಿಯಾಗುತ್ತೆ, ಅದೇನು ಕಡಿಮೆಯಲ್ಲ. ಮಕ್ಕಳ ಬುದ್ಧಿ ಬೆಳೆಯೋದು ಅವರ ಮುಖ ನೋಡಿ ಯಾರಾದ್ರೂ ಮಾತಾಡಿದ್ರೆ. ಈ ಮಗು ನೋಡಿ, ಕಣ್ಣಲ್ಲೇ ಎಲ್ಲ ಹಿಡಿಯುತ್ತೆ. ಯಾರೋ ಇದರ ಜೊತೆ ಬಹಳ ಮಾತಾಡಿದಾರೆ."

ತಾಯಿ ಕಹಳೆಯ ಕಡೆ ತಿರುಗಲಿಲ್ಲ. ಡಾಕ್ಟರು ಹೊಗಳಿದ್ದು ಕಹಳೆಗೆ ಹೊಗಳಿಕೆಯಾಗಿ ಇಳಿಯಲೂ ಇಲ್ಲ. ಮಗುವಿನ ಬುದ್ಧಿಯನ್ನು ಉಳಿಸಿದ ಕೈ ಬಾಯಿಯೇ ಮಗುವಿನ ಕಿವುಡನ್ನು ಎಲ್ಲರಿಂದ ಮುಚ್ಚಿಟ್ಟಿತ್ತು. ಉಣಿಸಿದ ಕೈಯೇ ವಿಷವೂ ಇಕ್ಕಿದ ಹಾಗಾಗಿತ್ತು. ವಾಪಸು ಬಸ್ಸಿನಲ್ಲಿ ಜಾಣಿಯೊಬ್ಬಳೇ ಕಿಟಕಿಯಾಚೆ ಕಂಡದ್ದಕ್ಕೆಲ್ಲ ಕೈಯಲ್ಲಿ ಹೆಸರಿಡುತ್ತ ಬಂದಳು.

ಮರುದಿನವೇ ಕಹಳೆ ಆಫೀಸಿಗೆ ನುಗ್ಗಿದಳು. ಸೊಸೆ, ಮ್ಯಾನೇಜರ್, ಇಬ್ಬರೂ ಇದ್ದರು. ಗೋಡೆಯ ಮೇಲೆ ಜಾಣಿ ಕಣ್ಣು ಮುಚ್ಚಿಕೊಂಡು ಅರಳುತ್ತಿದ್ದಳು.

"ಮೊದಲು ಅದನ್ನ ಇಳಿಸಿ. ಆ ಮಗುವಿಗೆ ಕಿವಿ ಕೇಳಲ್ಲ."

ಸೊಸೆಯ ಮುಖ ಬಿಳುಚಿತು. "ಹಾಗಾದ್ರೆ... ಅಷ್ಟು ಚೆನ್ನಾಗಿ ಆಲಿಸ್ತಿದ್ದಳಲ್ಲ?"

"ಮರ ನಡುಗೋದನ್ನ ಕೆನ್ನೇಲಿ ಮುಟ್ಟಿ ನೋಡ್ತಿತ್ತು ಮೇಡಂ. ನೀವೂ ಮೋಸ ಹೋದ್ರಿ, ನಾನೂ ಹೋದೆ. ನರ್ಸಮ್ಮ ಬರ್ತಿದ್ದಿದ್ರೆ ಗಿಲಕಿಗೇ ಗೊತ್ತಾಗ್ತಿತ್ತು. ಅವಳನ್ನ ಮತ್ತೆ ಕರೆಸಿ. ಒಳಗಿರೋ ಎಲ್ಲಾ ಮಕ್ಕಳ ಕಿವೀನೂ ನೋಡಿಸಿ. ಈ ಮಗೂಗೆ ಇಸ್ಕೂಲು, ಮಿಷನ್, ಏನು ಬೇಕೋ ಅದನ್ನ ಕಾರ್ಖಾನೇನೇ ನೋಡಬೇಕು."

"ಹುಟ್ಟಿನಿಂದ ಬಂದಿದ್ದಕ್ಕೆ ಕಾರ್ಖಾನೆ ಏನು ಮಾಡುತ್ತೆ?" ಅಂದ ಮ್ಯಾನೇಜರ್. "ನೋಡೋಣ. ಮೇಲೆ ಹೇಳ್ತೀನಿ."

"ಹುಟ್ಟಿನಿಂದ ಬಂದಿದ್ದು ಕಿವುಡು. ಅದು ಗೊತ್ತಾಗದೆ ಹೋಗಿದ್ದು ಹುಟ್ಟಿನಿಂದ ಬಂದಿದ್ದಾ?"

ಮ್ಯಾನೇಜರ್ ಕಾಗದಗಳ ಕಡೆ ಬಗ್ಗಿದ. ಕೇಳಿಸಿಯೂ ಕೇಳಿಸದವನ ಹಾಗೆ. ಸೊಸೆಯ ಕಣ್ಣಲ್ಲಿ ನೀರಿತ್ತು. ಅತ್ತಳು, ಆದರೆ ಬಾಯಿ ಬಿಡಲಿಲ್ಲ. ಫೋಟೋ ಮಾತ್ರ ಮರುದಿನ ಗೋಡೆಯ ಮೇಲಿರಲಿಲ್ಲ. ಅಲ್ಲಿ ಇನ್ನೊಂದು ಮಗುವಿನದ್ದು ಬಂತು, ಅದೇ ಪೆಟ್ಟಿಗೆಯ ಪಕ್ಕ, ಅದೇ ಅಕ್ಷರ. ಕಹಳೆ ಕೇಳುವುದು ನಿಲ್ಲಿಸಲಿಲ್ಲ. ದಿನಾ ಹೋಗಿ ಕೇಳಿದಳು. ಕೊನೆಗೆ ವಯಸ್ಸಾಯಿತು, ಕಿವಿ ಕೇಳದವಳ ಕೈಯಲ್ಲಿ ಮಕ್ಕಳನ್ನು ಬಿಡುವುದು ಅಪಾಯ ಅಂತ ಹೇಳಿ ಅವಳನ್ನು ಮನೆಗೆ ಕಳಿಸಿದರು. ಇಷ್ಟು ವರ್ಷ ಇಲ್ಲದ ಅಪಾಯ ಅವತ್ತು ಬಂತು.

ಜಾಣಿಯನ್ನು ಕೈಭಾಷೆ ಕಲಿಸುವ ಶಾಲೆಗೆ ಸೇರಿಸಿದರು, ಆ ಡಾಕ್ಟರ ಊರಲ್ಲೇ. ಚಿಕ್ಕ ಮಕ್ಕಳನ್ನೂ ಅಲ್ಲೇ ಇಟ್ಟುಕೊಳ್ಳುತ್ತಾರೆ. ಅದರ ಖರ್ಚಿಗೆ ತಾಯಿ ಈಗ ಆರರ ಬದಲು ಎಂಟು ಮಗ್ಗ ನೋಡುತ್ತಾಳೆ. ಶೆಡ್ಡಿನಲ್ಲಿ ಯಾರಾದರೂ ತುಟಿಯಲ್ಲಿ ಮಾತಾಡಿಸಿದರೆ ಮುಖ ತಿರುಗಿಸುತ್ತಾಳೆ. ಬಿಡುವಿನ ಹೊತ್ತಿನಲ್ಲಿ, ಹೊರಗೆ, ಬಾಯಿಬಿಟ್ಟು ಹೇಳಿದರೆ ಮಾತ್ರ ಉತ್ತರ.

ಬೇಸಿಗೆಗೆ ಅವಳು ಮಗಳನ್ನು ನೋಡಲು ಹೊರಟಾಗ ಕಹಳೆ ಬಸ್ ನಿಲ್ದಾಣದಲ್ಲಿ ಕಾದಿದ್ದಳು. ತಾಯಿ ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಶಾಲೆಯ ಅಂಗಳದಲ್ಲಿ ಮಕ್ಕಳ ಹಿಂಡು, ಗಾಳಿಗೆ ಎಲೆಯಾಡಿದ ಹಾಗೆ ಕೈಗಳು. ಜಾಣಿ ತಾಯಿಯನ್ನು ತಬ್ಬಿಕೊಂಡಳು. ಅವಳ ಟೀಚರಮ್ಮ ಬಂದಳು. "ಬಹಳ ಚುರುಕು. ಆದ್ರೆ ತಡವಾಗಿ ಬಂದಳು. ಇವಳ ವಯಸ್ಸಿನ ಮಕ್ಕಳು ಕೈಯಲ್ಲಿ ಕಥೆ ಹೇಳ್ತಾರೆ, ಇವಳು ಇನ್ನೂ ಒಂದೊಂದೇ ಪದ. ಅದರಲ್ಲೂ ಕೆಲವು ನಮಗೇ ಗೊತ್ತಾಗಲ್ಲ. ಇದೇನಿದು?" ಅಂದು ತೋರುಬೆರಳನ್ನು ಗಾಳಿಯಲ್ಲಿ ಸುತ್ತಿ ತೋರಿಸಿದಳು. "ಏನಾದ್ರೂ ಮುರಿದ್ರೆ, ಯಾರಾದ್ರೂ ಅತ್ರೆ, ಹೀಗೆ ಮಾಡ್ತಾಳೆ."

"ನೂಲು ಹರೀತು ಅಂತ" ಅಂದಳು ತಾಯಿ.

ಕಹಳೆ ಜಾಣಿಯ ಎದುರು ಕುಕ್ಕರಗಾಲಲ್ಲಿ ಕೂತಳು. ತನ್ನ ಎದೆ ಮುಟ್ಟಿಕೊಂಡು, ತುಟಿಯಲ್ಲಿ ಕೇಳಿದಳು, "ನಾನ್ಯಾರು?"

ಮುಷ್ಟಿ ಬಾಯಿಗೆ ಹೋಗುತ್ತದೆ ಅಂತ ಕಾದಳು. ಮಗು ಅವಳ ಮುಖವನ್ನು ನೋಡಿತು, ಗುರುತು ಸಿಕ್ಕಿ ನಕ್ಕಿತು. ಅಂಗೈಯನ್ನು ಅಗಲಿಸಿ ತನ್ನ ಬಾಯಿಯನ್ನು ಪೂರ್ತಿ ಮುಚ್ಚಿಕೊಂಡು ತೋರಿಸಿತು. ಬಟ್ಟೆ ಕಟ್ಟಿದವಳು. ಪಕ್ಕದ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಿತು. ಅವೂ ಬಾಯಿ ಮುಚ್ಚಿಕೊಂಡು ಅವಳನ್ನು ನೋಡಿ ನಕ್ಕವು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅದು ಬರೀ ಹೆಸರು.

ಈಗ ಕಹಳೆ ಬೆಳಗಿನ ಪಾಳಿಯ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿ ನಿಂತಿರುತ್ತಾಳೆ. ಕೈಯಲ್ಲಿ ಒಂದು ಸ್ಟೀಲಿನ ತ​ಟ್ಟೆ, ಒಂದು ಸೌಟು. ಕೂಸು ಹೊತ್ತು ಬರುವ ತಾಯಂದಿರನ್ನು ನಿಲ್ಲಿಸಿ, ಕೂಸಿನ ತಲೆಯ ಹಿಂದೆ ಬಡಿದು ನೋಡುತ್ತಾಳೆ. ಕೆಲವರು ಬೈಯುತ್ತಾರೆ, ಕೆಲವರು ತಲೆ ಕೆಟ್ಟಿದೆ ಅನ್ನುತ್ತಾರೆ. ಕೂಸು ಬೆಚ್ಚಿ ಅತ್ತರೆ ಅವಳ ಮುಖ ಅರಳುತ್ತದೆ. ಒಳಗೆ ಪೆಟ್ಟಿಗೆ ಹಾಡುತ್ತಲೇ ಇದೆ. ನರ್ಸಮ್ಮ ಇನ್ನೂ ಬಂದಿಲ್ಲ.

ಇನ್ನು ನಿಮ್ಮ ಮಾತು. ನಿಮ್ಮ ಓಣಿಯಲ್ಲೂ ಒಂದು ಮಕ್ಕಳ ಕೋಣೆ ಇದೆ, ಕಾರ್ಖಾನೆಯದ್ದೋ, ಕಟ್ಟಡ ಕೆಲಸದ್ದೋ, ನೀವೇ ದುಡ್ಡು ಕೊಟ್ಟು ಮಗುವನ್ನು ಬಿಡುವಂಥದ್ದೋ. ನಾಳೆ ಅಲ್ಲಿಗೆ ಹೋಗಿ. ಅಲ್ಲಿ ಯಾವ ಸಂಗೀತ ಹಾಕುತ್ತಾರೆ ಅಂತ ಕೇಳಬೇಡಿ. ಇಲ್ಲಿನ ಮಕ್ಕಳ ಬೆನ್ನ ಹಿಂದೆ ಕೂತು ಗಿಲಕಿ ಆಡಿಸಿದವರು ಯಾರು, ಯಾವಾಗ ಅಂತ ಕೇಳಿ. ಉತ್ತರ ಬಾರದಿದ್ದರೆ ಬರುವ ತನಕ ಬಾಗಿಲು ಬಿಟ್ಟು ಏಳಬೇಡಿ. ಇಷ್ಟು ಓದಿದ ಮೇಲೆ ನಿಮಗೆ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ. ಜಾಣಕಿವುಡು ಮಾಡಬೇಡಿ.